ರಂಗಶಾಲೆಯ ಆಯ್ಕೆಗೆ ಮಗಳು ಹೊರಟಾಗ ಅಪ್ಪ-ಅವ್ವ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಶಹಾಪುರ ರೀ. ಮಗಳು ಕಲಬುರಗಿಯೊಳಗ ಹಾಸ್ಟೆಲ್‌ನ್ಯಾಗಿದ್ದು ಸೆಕೆಂಡ್ ಪಿಯು ಆರ್ಟ್ಸ್ ಮುಗಿಸ್ಯಾಳ. ಬರೋ ತಿಂಗಳು ೧೮ ತುಂಬ್ತಾವ. ಕಾಲೇಜಿನ್ಯಾಗ ಎರಡು ನಾಟಕ ಮಾಡ್ಯಾಳ, ಈಗ ನಾಟಕದ ಶಾಲಿಗೇ ಹೋಗ್ತೀನಿ ಅಂತ ಹಟ ಹಿಡಿದಾಳ. ಒಬ್ಬರು ೬೦ ಸಾವಿರ ಕೊಟ್ರ ಸೀಟು ಗ್ಯಾರಂಟಿ ಅಂತಾರ, ಫೋಟೊ ಆಲ್ಬಮ್ ಬ್ಯಾರೆ ಮಾಡಸ್ಬೇಕಂತ. ನಮ್ಮ ಕಡಿ ಭಾಷಾ ಕೇಳಿದ್ರ ಅಲ್ಲಿ ನಗ್ತಾರಂತ ಬೆಂಗಳೂರಿನವರಂಗ ಮಾತಾಡೂದು ರೂಢಿ ಮಾಡ್ಲಕತ್ತಾಳ. ದಿನಾ ಮಾಳಿಗಿ ಮ್ಯಾಲ ನಿಂತು ಒದರಿ ಒದರಿ ಗಂಟಲು ಕಟ್ಟೇದ. ನಾ ಕೇಳ್ತೀನಿ ಅಂದ್ರ ಬ್ಯಾಡ ಅಂತಾಳ. ಅವರಪ್ಪಗ ಅಲ್ಲಿ ಹಾಸ್ಟೆಲ್ ಹ್ಯಾಂಗೋ, ಮುಂದ ಹೊಟ್ಟಿಗೇನೋ ಅನ್ನೂ ಚಿಂತಿ. ನಾವು ಏನು ಮಾಡಬೇಕು, ಏನು ಮಾಡಬಾರದು?

ಉತ್ತರ: ಮೊದಲು ದುಡ್ಡಿನ ಮಾತು, ಅದಕ್ಕೆ ತಡ ಮಾಡುವಂತಿಲ್ಲ. ಆ ೬೦ ಸಾವಿರ ಕೊಡಬೇಡಿ. ರಂಗಶಾಲೆಯ ಸೀಟನ್ನು ಹೊರಗಿನವರು ಯಾರೂ ಖಾತ್ರಿ ಮಾಡಿಕೊಡಲಾರರು. ಆಯ್ಕೆ ಮಾಡಲು ಕೂರುವವರು ಒಬ್ಬರಲ್ಲ, ಹಲವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಂತೂ ಮೊದಲ ಸುತ್ತು ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ. ಅದರಲ್ಲಿ ಉಳಿದವರನ್ನು ದೆಹಲಿಗೆ ಕರೆಸಿ, ಕೆಲವು ದಿನ ಕಾರ್ಯಾಗಾರದಲ್ಲಿ ಇಟ್ಟುಕೊಂಡು ನೋಡುತ್ತಾರೆ. ಇಂಥ ಕಡೆ ಯಾರ ಶಿಫಾರಸು ಯಾರಿಗೆ ತಲುಪಬೇಕು? ಫೋಟೊ ಆಲ್ಬಮ್ಮು ಜಾಹೀರಾತು, ಮಾಡೆಲಿಂಗ್ ಕಡೆಯ ವಸ್ತು. ರಂಗಶಾಲೆಯ ಅರ್ಜಿಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ಸಾಕು. ಮೈಬಣ್ಣ, ಎತ್ತರ ನೋಡಿ ತೆಗೆದುಕೊಳ್ಳುತ್ತಾರೆಂಬ ಮಾತೂ ಆ ಕಡೆಯಿಂದಲೇ ಬಂದದ್ದು. ಒಂದು ತಂಡಕ್ಕೆ ಎಲ್ಲ ತರಹದ ಮೈಕಟ್ಟೂ ಬೇಕು.

ತರಬೇತಿಯೇ ಬೇಡ ಎನ್ನುತ್ತಿಲ್ಲ. ಆಡಿ ಬಲ್ಲವರ ಮುಂದೆ ನಾಲ್ಕಾರು ಸಲ ಮಾಡಿ ತೋರಿಸಿ ತಿದ್ದಿಸಿಕೊಂಡರೆ ಉಪಯೋಗ ಇದ್ದೇ ಇದೆ. ಕಲಬುರಗಿಯಲ್ಲಿರುವ ಸರ್ಕಾರದ ನಾಟಕ ಸಂಸ್ಥೆ ರಂಗಾಯಣದಲ್ಲಿ ವಿಚಾರಿಸಿ, ಕಾಲೇಜಿನಲ್ಲಿ ನಾಟಕ ಮಾಡಿಸಿದ ಮೇಷ್ಟ್ರನ್ನು ಕೇಳಿ. ಸರಿಯಾದ ತರಬೇತುದಾರರು ತಿಂಗಳ ಲೆಕ್ಕದಲ್ಲೋ ತರಗತಿಯ ಲೆಕ್ಕದಲ್ಲೋ ಫೀ ಹೇಳುತ್ತಾರೆ, ಪಾಲಕರು ಬಂದು ಕೂತು ನೋಡಲು ಒಪ್ಪುತ್ತಾರೆ, ಸೀಟಿನ ಮಾತೇ ಎತ್ತುವುದಿಲ್ಲ.

ಇನ್ನು ಭಾಷೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದು. ‘ಮನಿ’, ‘ಬ್ಯಾಡ’, ‘ಹೋಗ್ತದ’ ಎನ್ನುವುದು ತಪ್ಪಲ್ಲ. ಆ ಮೇಜಿನಾಚೆ ಕೂರುವವರು ಕರಾವಳಿ, ಮಲೆನಾಡು, ಹಳೇ ಮೈಸೂರು, ಧಾರವಾಡ ಎಲ್ಲ ಕಡೆಯ ಕನ್ನಡ ಕೇಳಿದವರು. ಅವರು ನೋಡುವುದು ಮಾತು ತಿಳಿಯುತ್ತದೋ ಇಲ್ಲವೋ ಎಂಬುದನ್ನು. ಎರವಲು ತಂದ ಧಾಟಿಯಲ್ಲಿ ಇನ್ನೊಂದು ತೊಂದರೆ ಇದೆ: ಸಿಟ್ಟೋ ಅಳುವೋ ಉಕ್ಕಿದ ಕೂಡಲೇ ಹುಟ್ಟಿನ ಧಾಟಿ ತಾನಾಗಿ ಮೇಲೆ ಬರುತ್ತದೆ. ಒಂದೇ ಮಾತಿನಲ್ಲಿ ಎರಡು ಊರಿನವರು ಮಾತಾಡಿದಂತೆ ಕೇಳುತ್ತದೆ. ಧಾಟಿ ಕಾಯುವುದರಲ್ಲೇ ಗಮನವೆಲ್ಲ ಹೋಗಿ, ಹುಡುಗಿಯ ಅಭಿನಯ ಅಲ್ಲೇ ನಿಂತುಬಿಡುತ್ತದೆ.

ತಿದ್ದಬೇಕಾದ ದೋಷಗಳು ಬೇರೆ ಇವೆ. ಗ್ರಾಂಥಿಕ ಮಾತು ಹೇಳುವಾಗ ಶ-ಸ ಒಂದಾಗುವುದು, ‘ಧರ್ಮ’ ಹೋಗಿ ‘ದರ್ಮ’ ಆಗುವುದು, ವೇಗ. ಇವೆಲ್ಲಕ್ಕಿಂತ ದೊಡ್ಡದು ವಾಕ್ಯದ ತುದಿ ನುಂಗುವುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೋದನೋ, ಹೋಗಲಿಲ್ಲವೋ, ಹೋಗಲಾರನೋ ಎಂಬುದೆಲ್ಲ ಆ ತುದಿಯಲ್ಲಿದೆ. ಉಸಿರು ಸಾಲದೆ ಅದು ಇಳಿದುಹೋದರೆ ಅರ್ಥವೇ ಹೋಯಿತು. ಪರೀಕ್ಷೆ ಸುಲಭ: ಫೋನನ್ನು ಹತ್ತು ಹೆಜ್ಜೆ ದೂರ ಇಟ್ಟು ಧ್ವನಿಮುದ್ರಣ ಮಾಡಿಸಿ, ಆ ಮಾತು ಗೊತ್ತಿಲ್ಲದ ಯಾರಿಗಾದರೂ ಕೇಳಿಸಿ ಬರೆಯಲು ಹೇಳಿ. ಅವರು ಬಿಟ್ಟ ಪದಗಳನ್ನಷ್ಟೇ ತಿದ್ದಬೇಕು. ದಿನಕ್ಕೆ ೧೫ ನಿಮಿಷ ಪತ್ರಿಕೆಯ ಸಂಪಾದಕೀಯವನ್ನು ನಿಧಾನವಾಗಿ, ಪ್ರತಿ ವಾಕ್ಯದ ಕೊನೆಯ ಅಕ್ಷರದವರೆಗೆ ಉಸಿರು ಉಳಿಸಿಕೊಂಡು ಗಟ್ಟಿಯಾಗಿ ಓದಿದರೆ ಒಂದೂವರೆ ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಆಯ್ಕೆಯಲ್ಲಿ ಆಡಿ ತೋರಿಸಲು ಎರಡು ಮಾತು, ಅಂದರೆ ನಾಟಕದಲ್ಲಿ ಒಂದು ಪಾತ್ರ ಹೇಳುವ ಉದ್ದನೆಯ ಮಾತಿನ ತುಣುಕು, ತಯಾರಿಸಲು ಅವಕಾಶ ಕೊಡುವ ಶಾಲೆಯಾದರೆ ಒಂದು ನಿಮ್ಮ ಕಡೆಯ ಆಡುಮಾತಿನದು, ಇನ್ನೊಂದು ಗ್ರಾಂಥಿಕ ಕನ್ನಡದ್ದು ಇರಲಿ. ಎರಡೂ ಬರುತ್ತವೆ ಎಂದು ತೋರಿಸಿದಂತಾಗುತ್ತದೆ. ಯಾದಗಿರಿ, ಕಲಬುರಗಿ ಕಡೆಯ ಮಕ್ಕಳಿಗೆ ದಖ್ಖನಿ ಉರ್ದು, ತೆಲುಗು ಕಿವಿಗೆ ಬಿದ್ದಿರುತ್ತವೆ, ಬೀದರ್ ಕಡೆ ಮರಾಠಿಯೂ. ಇದು ದೊಡ್ಡ ಆಸ್ತಿ. ಮುಂದೆ ದೆಹಲಿಗೆ ಹೋಗಬೇಕಾದರೆ ಹಿಂದಿ, ಇಂಗ್ಲಿಷ್ ವ್ಯವಹಾರಕ್ಕಾಗುವಷ್ಟು ಬೇಕೇ ಬೇಕು, ಆಗ ಈ ಕಿವಿ ನೆರವಾಗುತ್ತದೆ.

ಮಾಳಿಗೆಯ ಮೇಲಿನ ಒದರಾಟಕ್ಕೆ ಬರೋಣ. ನಮ್ಮ ಭಾಗದ ಮಕ್ಕಳು ಹೆಚ್ಚಾಗಿ ನೋಡಿ ಬೆಳೆದದ್ದು ಜಾತ್ರೆಯ ಕಂಪನಿ ನಾಟಕ, ಬಯಲಾಟ, ಊರಿನ ಹುಡುಗರು ಪ್ಯಾಟಿ ಮಾಸ್ತರರನ್ನು (ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವವರನ್ನು) ಕರೆಸಿ ಕಲಿತ ನಾಟಕ. ಅಲ್ಲಿ ನಟರು ಮುಖ ಜನರ ಕಡೆಗೇ ಇಟ್ಟು, ಮಾತಿನ ಕೊನೆ ಎತ್ತಿ, ಕೈ ಬೀಸಿ ಹೇಳುತ್ತಾರೆ. ಸಾವಿರಾರು ಜನರ ಕೊನೆಯ ಸಾಲಿಗೆ ಮುಟ್ಟಿಸಲು ಹುಟ್ಟಿದ ವಿದ್ಯೆ ಅದು, ಅದರಲ್ಲಿ ಕೀಳೇನೂ ಇಲ್ಲ. ಆದರೆ ಆಯ್ಕೆ ನಡೆಯುವುದು ಕೋಣೆಯಲ್ಲಿ, ನೋಡುವವರು ೧೨-೧೫ ಅಡಿ ದೂರದಲ್ಲಿ. ಅಷ್ಟು ಹತ್ತಿರ ಅದೇ ಅಳತೆಯ ದನಿ ಬರೀ ಕೂಗಾಗಿ ಕೇಳುತ್ತದೆ. ಬಯಲಲ್ಲಿ ಅಭ್ಯಾಸ ಮಾಡುವುದರಲ್ಲಿ ಮತ್ತೂ ಒಂದು ತೊಡಕು: ಗೋಡೆ ಇಲ್ಲದೆ ದನಿ ಮರಳಿ ಕಿವಿಗೆ ಬೀಳದು, ಸಾಲದೆಂದು ಮಕ್ಕಳು ಇನ್ನಷ್ಟು ಒತ್ತುತ್ತಾರೆ. ಕೋಣೆಯೊಳಗೇ ಮಾಡಲಿ. ಮೊದಲು ಅಡಿಗೆಮನೆಯಲ್ಲಿ ಎದುರು ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಪೂರ್ತಿ ಮಾತು ಹೇಳಲಿ. ಅರ್ಥ ನಿಂತಿತೆಂದರೆ ಆಮೇಲೆ ದನಿ ಬೆಳೆಸಬಹುದು.

ಕಟ್ಟಿದ ಗಂಟಲಿಗೆ ಈಗಲೇ ಎರಡು ಮೂರು ದಿನ ಪೂರ್ತಿ ವಿಶ್ರಾಂತಿ ಕೊಡಿಸಿ. ಹೆಣ್ಣುಮಕ್ಕಳ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು ೨೦೦ ಸಲ ಒಂದಕ್ಕೊಂದು ತಾಗುತ್ತವೆ. ಒದರಿದಾಗ ಬಡಿದುಕೊಂಡು ಊದುತ್ತವೆ. ಊದಿದ ಮೇಲೆ ಮತ್ತೂ ಒತ್ತಿದರೆ ಗಂಟು ಕಟ್ಟುವ ಅಪಾಯವಿದೆ. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಪದೇ ಪದೇ ಕ್ಯಾಕರಿಸುವುದಂತೂ ಬೇಡವೇ ಬೇಡ. ಹಸಿ ತತ್ತಿ, ಜೇನು, ಕಲ್ಲುಸಕ್ಕರೆ ತಿಂದರೆ ಕಂಠ ಖುಲಾಸೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ನುಂಗಿದ್ದು ಅನ್ನನಾಳದಲ್ಲಿ ಇಳಿಯುತ್ತದೆ, ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ಗಂಟಲ ಮೇಲ್ಭಾಗಕ್ಕೆ ಹಿತವೆನಿಸಬಹುದು, ಅಷ್ಟೇ. ಕೆಲಸ ಮಾಡುವುದು ನೀರು, ಅದೂ ನಿಧಾನಕ್ಕೆ: ಇಂದು ಕುಡಿದದ್ದು ನಾಳೆಗೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಮೈಯ ನೀರೆಲ್ಲ ಬೆವರಿಗೆ ಹೋಗುತ್ತದೆ, ಅಭ್ಯಾಸ ಬೆಳಗಿನ ತಂಪು ಹೊತ್ತಿನಲ್ಲೇ ಮುಗಿಯಲಿ. ಬಿಸಿನೀರಿನ ಹಬೆ ಒಳ್ಳೆಯದು. ಮೂರು ವಾರವಾದರೂ ದನಿ ಒಡೆದೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಲೇಬೇಕು.

ಯಾವ ಮಾತು ಆರಿಸಬೇಕು? ಕೆಲವು ಶಾಲೆಗಳು ತಾವೇ ಮಾತು ಕಳಿಸುತ್ತವೆ, ಕೆಲವು ಅಭ್ಯರ್ಥಿಗೆ ಬಿಡುತ್ತವೆ. ಕರೆಪತ್ರವನ್ನು ಗೆರೆ ಗೆರೆ ಓದಿ. ಆಯ್ಕೆ ಅವಳದೇ ಆಗಿದ್ದರೆ ಎರಡು ನಿಮಿಷ ಮೀರದಿರಲಿ. ನಿಲುಗಡೆ ಸೇರಿಸಿ ಹೇಳಿದರೆ ಅದು ಸುಮಾರು ೧೮೦ ಪದ, ಕೈಬರಹದಲ್ಲಿ ಒಂದು ಪುಟ. ಪಾತ್ರ ಅವಳ ವಯಸ್ಸಿನ ಆಚೀಚೆ ಇರಲಿ. ಆ ಪಾತ್ರ ಎದುರಿಗಿರುವ ಒಬ್ಬರೊಡನೆ ಮಾತಾಡುತ್ತಿರಬೇಕು, ಅವರಿಂದ ಏನೋ ಬೇಕಾಗಿರಬೇಕು, ನಡುವೆ ಎಲ್ಲೋ ಮನಸ್ಸು ತಿರುಗಬೇಕು. ಈ ಮೂರೂ ಇಲ್ಲದ ಮಾತು ಎಷ್ಟು ಸುಂದರವಾಗಿದ್ದರೂ ಆಯ್ಕೆಯಲ್ಲಿ ಸೋಲುತ್ತದೆ, ಏಕೆಂದರೆ ಅಲ್ಲಿ ನಟಿಗೆ ಮಾಡಲು ಕೆಲಸವಿಲ್ಲ. ಮೊದಲ ಸಾಲಿನಿಂದಲೇ ಅಳು, ಹುಚ್ಚಿ, ಕುಡುಕ, ಮುದುಕಿ, ಸಿನಿಮಾ ಡೈಲಾಗು, ಮಿಮಿಕ್ರಿ ಬೇಡ. ಮೊದಲ ಸಾಲಿಗೇ ಅತ್ತವಳಿಗೆ ಹತ್ತನೆಯ ಸಾಲಿಗೆ ಹೋಗಲು ಜಾಗ ಉಳಿದಿರುವುದಿಲ್ಲ. ಎರಡನೆಯ ಮಾತು ಇದಕ್ಕೆ ಎದುರಾಗಿರಲಿ: ಒಂದು ಗಂಭೀರ, ಒಂದು ನಗಿಸುವಂಥದ್ದು. ನಾಟಕ ಪೂರ್ತಿ ಓದಿರಬೇಕು. ಈ ಪಾತ್ರಕ್ಕೆ ಹಿಂದೇನಾಯಿತು ಎಂದು ಕೇಳೇ ಕೇಳುತ್ತಾರೆ.

ಬಾಯಿಪಾಠ ಮಾಡುವ ರೀತಿಯಲ್ಲೇ ಹೆಚ್ಚಿನ ಮಕ್ಕಳು ಕೆಡುವುದು. ಒಬ್ಬರು ಹೇಳಿಕೊಟ್ಟ ಏರಿಳಿತ, ಕೈಸನ್ನೆ ಸಮೇತ ಕಲಿತರೆ ಮಾತು ಆ ಸನ್ನೆಗೆ ಅಂಟಿಕೊಂಡುಬಿಡುತ್ತದೆ. ಆಯ್ಕೆಯ ಕೋಣೆಯಲ್ಲಿ ಮಾತು ಮುಗಿದೊಡನೆ, ಕೆಲವೊಮ್ಮೆ ನಡುವೆಯೇ ನಿಲ್ಲಿಸಿ, ‘ಇದನ್ನೇ ತಂಗಿಯ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಹೇಳು’, ‘ನಗುತ್ತ ಹೇಳು’, ‘ಓಡಿ ಬಂದವಳ ಹಾಗೆ ಹೇಳು’ ಎನ್ನುತ್ತಾರೆ. ನಿಜವಾದ ಪರೀಕ್ಷೆ ಇದೇ. ತಯಾರಾಗಿ ಬಂದ ನಟಿ ಅವರಿಗೆ ಬೇಡ, ಹೇಳಿದ್ದನ್ನು ಕೇಳಿ ಬದಲಾಗಬಲ್ಲ ಹುಡುಗಿ ಬೇಕು. ಗಿಣಿಪಾಠವಾದವಳು ಇಲ್ಲಿ ಮತ್ತೆ ಅದೇ ರಾಗ ಎಳೆಯುತ್ತಾಳೆ. ಆದ್ದರಿಂದ ಮಾತನ್ನು ಮೊದಲು ಯಾವ ಭಾವವೂ ಇಲ್ಲದೆ, ಕಸ ಹೊಡೆಯುತ್ತ, ರೊಟ್ಟಿ ಬಡಿಯುತ್ತ, ನಡೆಯುತ್ತ ಬಾಯಿಗೆ ಬರಿಸಿಕೊಳ್ಳಲಿ. ಕನಿಷ್ಠ ಮೂರು ವಾರ ಮೊದಲೇ ಪಾಠ ಮುಗಿದಿರಲಿ. ಆಮೇಲೆ ದಿನವೂ ಅದೇ ಮಾತನ್ನು ಮೂರು ಬೇರೆ ಉದ್ದೇಶಕ್ಕೆ ಹೇಳಬೇಕು: ಬೇಡಿಕೊಳ್ಳಲು, ಹೆದರಿಸಲು, ರಮಿಸಲು. ಹೇಳುವಾಗ ಎದುರಿನ ಪಾತ್ರವನ್ನು ಪರೀಕ್ಷಕರ ಪಕ್ಕದ ಗೋಡೆಯ ಮೇಲೊಂದು ಗುರುತಿನಲ್ಲಿ ಇಟ್ಟುಕೊಳ್ಳಲಿ. ಪರೀಕ್ಷಕರ ಕಣ್ಣಿಗೇ ಕಣ್ಣಿಟ್ಟು ಹೇಳಿದರೆ ಅವರಿಗೂ ಕಸಿವಿಸಿ, ಅವಳಿಗೂ ಅಂಜಿಕೆ.

ಹಾಡು ಕೇಳುವುದುಂಟು. ಸಂಗೀತ ಕಲಿತಿಲ್ಲವೆಂದು ಹೆದರುವುದು ಬೇಡ, ಶ್ರುತಿ-ಲಯದ ಅಂದಾಜು ಇದೆಯೇ ಎಂದಷ್ಟೇ ನೋಡುತ್ತಾರೆ. ಸಿನಿಮಾ ಹಾಡು ಬಿಟ್ಟು ಮನೆಯಲ್ಲಿ ಕೇಳಿದ್ದನ್ನು ಹಾಡಲಿ. ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಪದ, ಅಜ್ಜಿಯ ಸೋಬಾನೆ ಪದ, ಬೀಸುಕಲ್ಲಿನ ಪದ ಎಲ್ಲ ನಿಮ್ಮ ಸುತ್ತಲೇ ಇವೆ. ಇಂಥ ಎರಡು ಪದ ತಾಳ ಹಿಡಿದು ಹಾಡುವವಳು ಆ ದಿನ ಕೋಣೆಯಲ್ಲಿ ಎದ್ದು ಕಾಣುತ್ತಾಳೆ. ಗುಂಪಿನ ಆಟಗಳಲ್ಲಿ ಮಾತ್ರ ಎದ್ದು ಕಾಣಲು ಹೋಗಬಾರದು. ಅಲ್ಲಿ ನೋಡುವುದು ಜೊತೆಗಾರರನ್ನು ಗಮನಿಸುತ್ತಾಳೋ, ನೂಕಿ ಮುಂದೆ ಬರುತ್ತಾಳೋ ಎಂದು.

ಸಂದರ್ಶನದಲ್ಲಿ ಏನು ನೋಡಿದ್ದೀ, ಏನು ಓದಿದ್ದೀ ಎನ್ನುತ್ತಾರೆ. ಜಾತ್ರೆಯ ನಾಟಕ ಮಾತ್ರ ನೋಡಿದ್ದರೆ ಅದನ್ನೇ ಹೇಳಲಿ, ಅದರಲ್ಲಿ ಕಣ್ಣಿಗೆ ಬಿದ್ದದ್ದೇನು ಎಂದು ಬಿಡಿಸಿ ಹೇಳಿದರಾಯಿತು. ಈಗಿನಿಂದಲೇ ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದ ಕಡೆ ಯಾವ ನಾಟಕ ಬರುತ್ತದೆಂದು ನೋಡುತ್ತಿರಿ. ಊರೂರು ತಿರುಗಿ ನಾಟಕ ಆಡುವ ನೀನಾಸಮ್‌ನ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರದಂಥ ತಂಡಗಳು ಹತ್ತಿರ ಬಂದರೆ ತಪ್ಪಿಸಬೇಡಿ. ಪ್ರದರ್ಶನದ ನಂತರ ಆ ನಟನಟಿಯರೊಡನೆ ಹತ್ತು ನಿಮಿಷ ಮಾತಾಡಿದರೆ ಶಾಲೆ, ಊಟ, ಹಾಸ್ಟೆಲ್, ಸಂಪಾದನೆ ಎಲ್ಲದರ ಖರೇ ಸುದ್ದಿ ಸಿಗುತ್ತದೆ. ಅವರಪ್ಪನವರೂ ಜೊತೆಗಿರಲಿ.

ದಾರಿಗಳು ಯಾವುವು? ಪಿಯು ಆದ ಕೂಡಲೇ ಹೆಗ್ಗೋಡಿನ ನೀನಾಸಮ್, ಮೈಸೂರಿನ ರಂಗಾಯಣ, ಸಾಣೇಹಳ್ಳಿಯಂಥ ಕಡೆ ಒಂದು ವರ್ಷದ ಡಿಪ್ಲೊಮಾಕ್ಕೆ ಹೋಗಬಹುದು. ಕನ್ನಡದಲ್ಲೇ ಕಲಿಕೆ, ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸ. ನಟನೆಯ ಜೊತೆ ರಂಗಸಜ್ಜಿಕೆ, ಬೆಳಕು, ಪ್ರಸಾಧನವೂ ಕೈಗೆ ಹತ್ತುತ್ತದೆ. ಕನಿಷ್ಠ ವಯಸ್ಸಿನ ನಿಯಮ ಇರುವುದರಿಂದ ಯಾವ ತಾರೀಖಿಗೆ ೧೮ ತುಂಬಿರಬೇಕೆಂದು ಪ್ರಕಟಣೆಯಲ್ಲಿ ನೋಡಿಕೊಳ್ಳಿ, ನಿಮ್ಮ ಮಗಳಿಗೆ ಇದು ಮುಖ್ಯ. ಅಪಾಯವೆಂದರೆ, ವರ್ಷದ ಕೊನೆಗೆ ಕೈಯಲ್ಲಿ ವಿದ್ಯೆ ಇರುತ್ತದೆ, ಪದವಿ ಇರುವುದಿಲ್ಲ. ದೆಹಲಿಯ ಮೂರು ವರ್ಷದ ಕೋರ್ಸಿಗೆ ಪದವಿಯೂ, ಆರು ನಾಟಕಗಳಲ್ಲಿ ಭಾಗವಹಿಸಿದ ಅನುಭವವೂ ಬೇಕು. ಹೈದರಾಬಾದ್ ವಿಶ್ವವಿದ್ಯಾಲಯದ ರಂಗಭೂಮಿ ಸ್ನಾತಕೋತ್ತರಕ್ಕೂ ಪದವಿ ಬೇಕು.

ಎರಡನೆಯ ದಾರಿ, ಕಲಬುರಗಿಯಲ್ಲೇ ಬಿಎ ಮಾಡುತ್ತ ನಾಟಕ ಮಾಡಿ ಆಮೇಲೆ ಹೋಗುವುದು. ಖರ್ಚು ಕಡಿಮೆ, ಮುಂದಿನ ಎಲ್ಲ ಬಾಗಿಲೂ ತೆರೆದಿರುತ್ತವೆ. ಆದರೆ ಈ ಮೂರು ವರ್ಷದಲ್ಲಿ ಹುಮ್ಮಸ್ಸು ಆರುವುದುಂಟು; ಹೆಣ್ಣುಮಕ್ಕಳ ವಿಷಯದಲ್ಲಿ ನಡುವೆ ಮದುವೆಯ ಮಾತು ಬಂದು ದಾರಿಯೇ ಮುಚ್ಚುವುದುಂಟು. ಈ ದಾರಿ ಹಿಡಿದರೆ ಪದವಿಯ ತನಕ ಆ ಮಾತು ಎತ್ತುವುದಿಲ್ಲ ಎಂದು ಮನೆಯ ಹಿರಿಯರು ಅವಳ ಮುಂದೆಯೇ ಒಪ್ಪಿಕೊಳ್ಳಬೇಕು. ಮೂರನೆಯದು ನಾಟಕವನ್ನೇ ಪದವಿಯಾಗಿ ಓದುವುದು, ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಂಥ ಕಡೆ. ನನಗೆ ಕೇಳಿದರೆ ನಿಮ್ಮ ಮಗಳಿಗೆ ಡಿಪ್ಲೊಮಾ ಮೊದಲು, ಬಿಎ ಆಮೇಲೆ ಎನ್ನುತ್ತೇನೆ. ಡಿಪ್ಲೊಮಾ ಮುಗಿಸಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಕಟ್ಟಿಕೊಂಡವರು ಇದ್ದಾರೆ. ಎರಡನ್ನೂ ಒಂದೇ ವರ್ಷ ಹಿಡಿದರೆ ತಾಲೀಮು, ಪರೀಕ್ಷೆ ಒಂದರ ಮೇಲೊಂದು ಬಿದ್ದು ಎರಡೂ ಕೆಡುತ್ತವೆ.

ಹೊಟ್ಟೆಪಾಡಿನ ಬಗ್ಗೆ ಅವರಪ್ಪನವರಿಗೆ ನೇರವಾಗಿ ಹೇಳಬೇಕು. ರಂಗಭೂಮಿಯ ಸಂಪಾದನೆ ಸಣ್ಣದು, ತಿಂಗಳು ತಿಂಗಳು ಒಂದೇ ತೆರ ಬರದು. ತಂಡಗಳ ಸಂಬಳ, ಶಾಲೆಗಳಲ್ಲಿ ಮಕ್ಕಳ ನಾಟಕ, ಶಿಬಿರ, ಧಾರಾವಾಹಿ, ಡಬ್ಬಿಂಗ್, ಇವನ್ನೆಲ್ಲ ಕೂಡಿಸಿ ಬದುಕುವವರೇ ಹೆಚ್ಚು. ಪದವಿ ಇರಲಿ ಎನ್ನುವುದು ಇದಕ್ಕೇ. ಹಾಸ್ಟೆಲ್ ಬಗ್ಗೆ ಅವರು ಕೇಳಬೇಕಾದ್ದನ್ನು ನಾಚದೆ ಕೇಳಲಿ: ಹೆಣ್ಣುಮಕ್ಕಳ ವಸತಿ ಪ್ರತ್ಯೇಕವೇ, ರಾತ್ರಿ ತಾಲೀಮು ಮುಗಿದ ಮೇಲೆ ಹುಡುಗಿಯರು ಹೇಗೆ ಮರಳುತ್ತಾರೆ, ೨೦೧೩ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳದ ಆಂತರಿಕ ದೂರು ಸಮಿತಿ ಇದೆಯೇ, ಅದರಲ್ಲಿ ಯಾರಿದ್ದಾರೆ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ. ನಟನೆಯ ಅಭ್ಯಾಸದಲ್ಲಿ ಕೈ ಹಿಡಿಯುವುದು, ಎತ್ತುವುದು ಇರುತ್ತದೆ ಎಂದು ಮೊದಲೇ ತಿಳಿದಿರಿ. ಬೇಡವೆನಿಸಿದ್ದಕ್ಕೆ ಬೇಡ ಎನ್ನುವ ಹಕ್ಕು ಅವಳಿಗಿದೆ ಎಂದೂ ಅವಳಿಗೆ ತಿಳಿಸಿರಿ. ಹೋಟೆಲ್ ರೂಮಿನಲ್ಲೋ ಯಾರದೋ ಫ್ಲ್ಯಾಟಿನಲ್ಲೋ ‘ಆಡಿಷನ್’ ಕರೆದರೆ, ವಾಟ್ಸ್ಯಾಪಿಗೆ ಫೋಟೊ ಕೇಳಿದರೆ, ಅದು ಶಾಲೆಯೇ ಅಲ್ಲ.

ಕಾಗದ ಪತ್ರ ನಿಮ್ಮ ಪಾಲಿನ ಕೆಲಸ. ಹತ್ತನೆಯ, ಪಿಯು ಅಂಕಪಟ್ಟಿ, ಟಿಸಿ, ಆಧಾರ್, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಆಡಿದ ಎರಡು ನಾಟಕಗಳ ಬಗ್ಗೆ ಕಾಲೇಜಿನ ಪತ್ರ. ವಿಶ್ವವಿದ್ಯಾಲಯದ ಪದವಿಗೆ ಅರ್ಜಿ ಹಾಕುವುದಾದರೆ ಕಲ್ಯಾಣ ಕರ್ನಾಟಕದವರಿಗೆ ಕೊಡುವ ೩೭೧(ಜೆ) ಪ್ರಮಾಣಪತ್ರವನ್ನೂ ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಡಿ. ರಾಜ್ಯಮಟ್ಟದ ಸರ್ಕಾರಿ ಸಂಸ್ಥೆಗಳಲ್ಲಿ ನಮ್ಮ ಭಾಗದವರಿಗೆ ಶೇ ೮ ಸೀಟು ಮೀಸಲಿದೆ. ಖಾಸಗಿ ಟ್ರಸ್ಟುಗಳ ರಂಗಶಾಲೆಗೂ ಅದು ಅನ್ವಯಿಸುತ್ತದೆಂದು ಎಣಿಸಬೇಡಿ.

ಅವಳು ಕೇಳಿಸಿಕೊಳ್ಳಬೇಡಿ ಎನ್ನುವುದು ಸಹಜ. ಮನೆಯವರ ಮುಖದಲ್ಲಿ ಹೆಮ್ಮೆಯೋ ಚಿಂತೆಯೋ ಕಂಡೊಡನೆ ಪಾತ್ರ ಬಿಟ್ಟುಹೋಗುತ್ತದೆ. ಒತ್ತಾಯ ಮಾಡಬೇಡಿ. ಒಪ್ಪಿದರೆ ಹಾಳೆ ಹಿಡಿದು ಎದುರಿನ ಪಾತ್ರದ ಮಾತನ್ನು ಸಪ್ಪಗೆ ಓದಿ, ಪದ ತಪ್ಪಿದರೆ ಹೇಳಿ. ಹೇಗೆ ಹೇಳಬೇಕೆಂದು ಮಾತ್ರ ತೋರಿಸಬೇಡಿ. ಹೋಗುವ ಮೊದಲು ಒಮ್ಮೆಯಾದರೂ ಅಪರಿಚಿತರಿಬ್ಬರ ಮುಂದೆ ಮಾಡಿಬಿಡು ಎಂದಷ್ಟು ಕೇಳಿಕೊಳ್ಳಿ.

ಪ್ರಯಾಣ ದೂರದ್ದು. ಹೆಗ್ಗೋಡಿಗಾದರೆ ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ತಾಳಗುಪ್ಪದ ರೈಲಿನಲ್ಲಿ ಸಾಗರ ಜಂಬಗಾರು. ಆಯ್ಕೆಯ ಹಿಂದಿನ ದಿನ ಮುಟ್ಟಿ ಒಂದು ರಾತ್ರಿ ಮಲಗಿ ಏಳುವಂತಿರಬೇಕು. ರೈಲಿನಿಂದ ಇಳಿದು ನೇರ ಕೋಣೆಗೆ ಹೋದ ದನಿಯಲ್ಲಿ ನಿದ್ದೆಗೇಡು ಕೇಳುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಥಂಡಿಗೆ ನಮ್ಮ ಕಡೆಯ ಮಕ್ಕಳ ಗಂಟಲು ಬೇಗ ಹಿಡಿಯುತ್ತದೆ, ಸ್ವೆಟರ್, ಕೊಡೆ ಇರಲಿ. ಊಟ ಅನ್ನದ್ದು, ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಿ. ಉಡುಪು ಕೂತು ಏಳಲು, ಉರುಳಲು ಬರುವಂಥ ಸಡಿಲ ಪ್ಯಾಂಟು, ಒಂದೇ ಬಣ್ಣದ ಅಂಗಿ. ಕೂದಲು ಮುಖದಿಂದ ಹಿಂದಕ್ಕೆ ಕಟ್ಟಿರಲಿ. ಬಳೆ, ಗೆಜ್ಜೆ, ಮೇಕಪ್ ಬೇಡ, ವೇಷವಂತೂ ಬೇಡ. ಊಟ ಎರಡು ತಾಸು ಮೊದಲೇ ಮುಗಿದಿರಲಿ. ನೀವು ಗೇಟಿನವರೆಗೆ ಹೋಗಿ ಅಲ್ಲೇ ಉಳಿಯಿರಿ. ಪಾಲಕರನ್ನೂ ಒಳಗೆ ಕರೆದರೆ ಅವಳಿಗೆ ಹಾಕಿದ ಪ್ರಶ್ನೆಗೆ ನೀವು ಉತ್ತರಿಸಬೇಡಿ. ಹೊರಗೆ ಬಂದಾಗ ‘ಹ್ಯಾಂಗಾಯ್ತು?’ ಎನ್ನುವ ಮೊದಲು ‘ಉಣ್ಣೂಣು ಬಾ’ ಎನ್ನಿ.

ಆಗದೇ ಹೋದರೆ? ಇಪ್ಪತ್ತರ ಆಚೀಚೆ ಸೀಟುಗಳು, ಒಂದು ತಂಡಕ್ಕೆ ಬೇಕಾದ ಗಂಡು-ಹೆಣ್ಣು, ದನಿ, ಮೈಕಟ್ಟಿನ ಹೊಂದಾಣಿಕೆ ನೋಡಿ ಆರಿಸುವುದರಿಂದ ಚೆನ್ನಾಗಿ ಮಾಡಿದವರೂ ಉಳಿದುಹೋಗುತ್ತಾರೆ. ‘ನಾ ಮೊದ್ಲೇ ಹೇಳಿದ್ದೆ’ ಎನ್ನುವುದೂ ‘ರೊಕ್ಕ ತಿಂದಾರ’ ಎನ್ನುವುದೂ ಎರಡೂ ಅವಳಿಗೆ ಕೆಡುಕನ್ನೇ ಮಾಡುತ್ತವೆ: ಮೊದಲನೆಯದು ಧೈರ್ಯ ಕೊಲ್ಲುತ್ತದೆ, ಎರಡನೆಯದು ತಿದ್ದಿಕೊಳ್ಳುವ ಮನಸ್ಸು ಕೊಲ್ಲುತ್ತದೆ. ಎರಡು ದಿನ ಅಳಲು ಬಿಡಿ. ಮೂರನೆಯ ದಿನ, ಅಲ್ಲಿ ಏನೇನು ಮಾಡಿಸಿದರು, ಎಲ್ಲಿ ತಡವರಿಸಿತು ಎಂದು ಅವಳೇ ಬರೆದಿಟ್ಟುಕೊಳ್ಳಲಿ, ಮುಂದಿನ ವರ್ಷಕ್ಕೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ಸಿಗದು. ಡಿಗ್ರಿ ಕಾಲೇಜಿನ ಪ್ರವೇಶವೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ನಡೆಯುವುದರಿಂದ ಫಲಿತಾಂಶಕ್ಕೆ ಕಾಯದೆ ಕಲಬುರಗಿಯಲ್ಲಿ ಬಿಎ ಅರ್ಜಿ ಹಾಕಿಡಿ. ಕಾಲೇಜಿನವರು ಮೂಲ ಟಿಸಿ, ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆ. ರಂಗಶಾಲೆಯಿಂದ ಕರೆ ಬಂದರೆ ಅವನ್ನು ಎಷ್ಟು ದಿನದಲ್ಲಿ ಮರಳಿ ಕೊಡುತ್ತಾರೆ, ಫೀ ಎಷ್ಟು ಮುರಿಯುತ್ತಾರೆ ಎಂದು ಸೇರುವ ದಿನವೇ ಕೇಳಿಕೊಂಡು, ಎಲ್ಲದರ ದೃಢೀಕೃತ ಪ್ರತಿ ಮೂರು ಸೆಟ್ ಮನೆಯಲ್ಲಿಟ್ಟುಕೊಳ್ಳಿ.